ಯಾವ ಪಟ್ಟಿಯಲ್ಲೂ ಇಲ್ಲದ ಊರ ಗುಡಿಗೆ ಯಾವ ಸಂಸ್ಥೆ ದಿಕ್ಕು?

ಚಿಂತಾಮಣಿ ಸೀಮೆಯ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ ನನ್ನದು. ನಮ್ಮೂರ ಕೆರೆ ಏರಿಯ ಕೆಳಗೆ ಈಶ್ವರನ ಒಂದು ಹಳೆಯ ಗುಡಿಯಿದೆ. ಗರ್ಭಗುಡಿ, ಅದರ ಮುಂದೆ ಸುಕನಾಸಿ ಎಂಬ ಪುಟ್ಟ ಕೋಣೆ, ನಾಲ್ಕು ಕಂಬಗಳ ನವರಂಗ ಎಂಬ ಮಂಟಪ, ಅಷ್ಟೇ. ಗುಡಿಯ ಮುಂದೆ ಮೂರು ವೀರಗಲ್ಲುಗಳು ಸೊಂಟದವರೆಗೆ ಮಣ್ಣಿನಲ್ಲಿ ಹೂತು ನಿಂತಿವೆ. ಅಕ್ಷರಗಳಿರುವ ಇನ್ನೊಂದು ಚಪ್ಪಡಿ ತೂಬಿನ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಎಷ್ಟು ಕಾಲವಾಯಿತೋ ಹೇಳುವವರಿಲ್ಲ. ಬೇಲೂರಿನ ಕೆತ್ತನೆಯನ್ನು ನೋಡಿ ಬಂದ ಕಣ್ಣಿಗೆ ಈ ಗುಡಿಯಲ್ಲಿ ನೋಡಲು ಏನೂ ಇಲ್ಲ ಎನ್ನಿಸಬಹುದು. ನಮ್ಮ ಊರಿಗೆ ಇರುವುದು ಇದೊಂದೇ.

ಈಗ ಚಾವಣಿ ಸೋರುತ್ತಿದೆ. ಊರಿನವರು ಜೀರ್ಣೋದ್ಧಾರ ಸಮಿತಿ ಮಾಡಿಕೊಂಡು, ಹಳೆಯದನ್ನು ಪೂರ್ತಿ ಬಿಚ್ಚಿ, ನೆಲಕ್ಕೆ ಹೊಳಪಿನ ಗ್ರಾನೈಟ್ ಹಾಸಿ, ಆರ್‌ಸಿಸಿ ಚಾವಣಿಯ ಮೇಲೆ ಬಣ್ಣದ ಗೋಪುರ ನಿಲ್ಲಿಸುವುದೆಂದು ತೀರ್ಮಾನಿಸಿದ್ದಾರೆ. ಚಂದಾ ಎತ್ತಲು ರಸೀದಿ ಪುಸ್ತಕವೂ ಅಚ್ಚಾಗಿ ಬಂದಿದೆ. ನಾನು ಒಂದು ಕಚೇರಿಗೆ ಹೋಗಿ ವಿಚಾರಿಸಿದೆ. ಇದು ನಮ್ಮ ಪಟ್ಟಿಯಲ್ಲಿಲ್ಲ ಎಂದರು. ಅವರು ತೋರಿಸಿದ ಇನ್ನೊಂದು ಕಚೇರಿಯಲ್ಲಿಯೂ ಅದೇ ಮಾತು ಕೇಳಿ ಬಂದೆ. ಪರಂಪರೆಯನ್ನು ಕಾಪಾಡುವ ಸಂಸ್ಥೆಗಳು ಇಷ್ಟೊಂದು ಇವೆಯೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ಇವುಗಳಲ್ಲಿ ಯಾವುದು ಯಾವ ಕೆಲಸ ಮಾಡುತ್ತದೆ, ನಮ್ಮಂಥ ಊರಿನವರು ಮೊದಲು ಯಾರ ಬಳಿಗೆ ಹೋಗಬೇಕು ಎಂಬುದನ್ನು ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಕೋಲಾರದ ನಿವೃತ್ತ ಮೇಷ್ಟ್ರು

ಇಬ್ಬರೂ ಪಟ್ಟಿಯ ಮಾತನ್ನೇ ಆಡಿದ್ದು ಸಹಜ, ಏಕೆಂದರೆ ನಮ್ಮಲ್ಲಿ ಸಂರಕ್ಷಣೆ ಎನ್ನುವುದು ಬಹುಮಟ್ಟಿಗೆ ಪಟ್ಟಿಯ ವ್ಯವಹಾರವೇ ಆಗಿದೆ. ಆದ್ದರಿಂದ ಮೊದಲು ಪಟ್ಟಿಗಳ ಪರಿಚಯ ಮಾಡಿಕೊಳ್ಳಿ.

ಮೊದಲನೆಯದು ಕೇಂದ್ರ ಸರ್ಕಾರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. 1861ರಲ್ಲಿ ಹುಟ್ಟಿದ ಈ ಇಲಾಖೆಯ ಕೈಯಲ್ಲಿ ದೇಶದಾದ್ಯಂತ 3,600ಕ್ಕೂ ಹೆಚ್ಚು ಸ್ಮಾರಕಗಳಿವೆ. 1958ರ ಕಾಯ್ದೆ ಅದಕ್ಕೆ ಅಧಿಕಾರ ಕೊಡುತ್ತದೆ. ನಮ್ಮ ಕಡೆ ಕೋಲಾರಮ್ಮನ ಗುಡಿ, ಕೋಲಾರದ ಸೋಮೇಶ್ವರ, ಆವಣಿಯ ರಾಮಲಿಂಗೇಶ್ವರ ದೇವಾಲಯಗಳ ಗುಂಪು, ನಂದಿಯ ಭೋಗನಂದೀಶ್ವರ, ಅತ್ತ ತುಮಕೂರು ಜಿಲ್ಲೆಯಲ್ಲಿ ಮಧುಗಿರಿ ಕೋಟೆ, ಶಿರಾದ ಮಲಿಕ್ ರಿಹಾನ್ ಗೋರಿ ಮತ್ತು ಜುಮ್ಮಾ ಮಸೀದಿ, ಅರಳಗುಪ್ಪೆಯ ಕಲ್ಲೇಶ್ವರ ಇವೆಲ್ಲ ಆ ಪಟ್ಟಿಗೆ ಸೇರಿದವು. ಕೇಂದ್ರದ ಇಲಾಖೆಗೆ ಹೋದರೆ ಪೂಜೆ ನಿಲ್ಲುತ್ತದೆಂದು ಹಳ್ಳಿಗಳಲ್ಲಿ ಒಂದು ಭಯವಿದೆ. ಅದು ಸರಿಯಲ್ಲ. ಪಟ್ಟಿಗೆ ಸೇರುವಾಗ ಪೂಜೆ ನಡೆಯುತ್ತಿದ್ದ ಕಡೆ ಅದು ಮುಂದುವರಿಯುತ್ತದೆ. ಕೋಲಾರಮ್ಮನಿಗೂ ಭೋಗನಂದೀಶ್ವರನಿಗೂ ಇವತ್ತಿಗೂ ದೀಪ ಹಚ್ಚುತ್ತಿಲ್ಲವೇ?

ಎರಡನೆಯದು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯದು. ಇದರ ಬೇರು 1885ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಪುರಾತತ್ವ ಇಲಾಖೆಯಲ್ಲಿದೆ, ಕೇಂದ್ರ ಕಚೇರಿ ಈಗಲೂ ಮೈಸೂರಿನಲ್ಲೇ ಇದೆ. 1961ರ ರಾಜ್ಯ ಕಾಯ್ದೆಯ ಪ್ರಕಾರ ಒಂದು ಕಟ್ಟಡವನ್ನು ಸಂರಕ್ಷಿತ ಸ್ಮಾರಕವೆಂದು ರಾಜ್ಯಪತ್ರದಲ್ಲಿ ಪ್ರಕಟಿಸಿ, ಆಕ್ಷೇಪಣೆಗಳಿಗೆ ಕಾಲಾವಕಾಶ ಕೊಟ್ಟು, ಆಮೇಲೆ ಅಂತಿಮ ಅಧಿಸೂಚನೆ ಹೊರಡಿಸಬೇಕು. ಇದೇ ಇಲಾಖೆ ತಾಲ್ಲೂಕುಗಳಲ್ಲಿ ಗ್ರಾಮವಾರು ಸಮೀಕ್ಷೆಯನ್ನೂ ಮಾಡಿಸುತ್ತದೆ. ಸಂರಕ್ಷಿತ ಪಟ್ಟಿಯಲ್ಲಿಲ್ಲದ ನಿಮ್ಮ ಗುಡಿ ಆ ಸಮೀಕ್ಷೆಯಲ್ಲಿ ಒಂದು ಸಾಲಾಗಿಯಾದರೂ ಇರಬಹುದು. ಅದನ್ನು ಮೊದಲು ಹುಡುಕಿ.

ಮೂರನೆಯದು ಮುಜರಾಯಿ. ಇಲ್ಲಿ 30 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳಿವೆ. ಆದರೆ ಮುಜರಾಯಿಯದು ಪೂಜೆ, ತಸ್ತೀಕು (ಪೂಜೆಗೆಂದು ಸರ್ಕಾರ ಕೊಡುವ ವಾರ್ಷಿಕ ಹಣ), ಹುಂಡಿ, ಜಮೀನುಗಳ ಆಡಳಿತವೇ ಹೊರತು ಕಲ್ಲಿನ ವಿದ್ಯೆಯಲ್ಲ. ಆದಾಯ ನೋಡಿ ಎ, ಬಿ, ಸಿ ಎಂದು ವರ್ಗ ಮಾಡಿದ್ದಾರೆ, ವಯಸ್ಸು ನೋಡಿ ಮಾಡಿಲ್ಲ. ಸಾವಿರ ವರ್ಷದ ಗುಡಿ ಸಿ ವರ್ಗದಲ್ಲಿ ಸೋರುತ್ತಾ ಕುಳಿತಿರುವುದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. ನಿಮ್ಮ ಗುಡಿ ಮುಜರಾಯಿಯದೋ ಅಲ್ಲವೋ ಎಂಬುದನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ, ಪಹಣಿಯನ್ನೂ ತೆಗೆಸಿ ನೋಡಿ. ಜಾಗ ಯಾರದೆಂದು ಗೊತ್ತಾಗದೆ ಯಾವ ಸಂಸ್ಥೆಯೂ ಒಂದು ಕಲ್ಲನ್ನು ಅಲುಗಿಸುವುದಿಲ್ಲ.

ಈ ಮೂರೂ ಪಟ್ಟಿಗಳಲ್ಲಿ ಇಲ್ಲದಿದ್ದರೆ ಸರ್ಕಾರೇತರ ಸಂಸ್ಥೆಗಳ ಕಡೆ ತಿರುಗಬೇಕು. ಕಲೆ ಮತ್ತು ಸಾಂಸ್ಕೃತಿಕ ಪರಂಪರೆಯನ್ನು ಉಳಿಸಲೆಂದು 1984ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆಗೆ ಅನೇಕ ಊರುಗಳಲ್ಲಿ ಶಾಖೆಗಳಿವೆ, ಬೆಂಗಳೂರಿನಲ್ಲೂ ಇದೆ. ಸರ್ಕಾರದ ರಕ್ಷಣೆ ಇಲ್ಲದ ಕಟ್ಟಡಗಳನ್ನು ಹೇಗೆ ಉಳಿಸಿಕೊಳ್ಳಬೇಕೆಂದು ಅದು 2004ರಲ್ಲಿ ಒಂದು ಸನ್ನದನ್ನೇ ಹೊರತಂದಿದೆ. ಆದರೆ ಅದಕ್ಕೆ ಯಾರನ್ನೂ ತಡೆಯುವ ಅಧಿಕಾರವಿಲ್ಲ. ಸಲಹೆ ಕೊಡಬಲ್ಲದು, ದಾಖಲಿಸಬಲ್ಲದು, ತಜ್ಞರನ್ನು ತೋರಿಸಬಲ್ಲದು. ದೇವಾಲಯಗಳ ವಿಚಾರದಲ್ಲಿ ನಮ್ಮ ರಾಜ್ಯದಲ್ಲಿ ಹೆಚ್ಚು ಕೆಲಸ ಮಾಡಿರುವುದು 1991ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್. ಟ್ರಸ್ಟ್, ಸರ್ಕಾರ ಮತ್ತು ಊರಿನವರು ಹಣದ ಹೊರೆಯನ್ನು ಹಂಚಿಕೊಂಡು ಹಳೆಯ ಕಲ್ಲಿನಲ್ಲೇ ಗುಡಿಯನ್ನು ಮತ್ತೆ ನಿಲ್ಲಿಸುವ ಕ್ರಮ ಅವರದು. ನಿಮ್ಮ ಸಮಿತಿ ಚಂದಾ ಎತ್ತಲು ಹೊರಟಿದೆ ಎಂದಿರಿ. ಆ ಹಣವನ್ನು ಊರಿನ ಪಾಲೆಂದು ತೋರಿಸುವ ದಾರಿ ಇಲ್ಲಿದೆ.

ಕೋಟೆ ಬೀದಿಯ ನಿವಾಸಿ, ತುಮಕೂರು ಜಿಲ್ಲೆ

ಮೇಷ್ಟ್ರು ಹೇಳಿದ ಮೊದಲ ಪಟ್ಟಿಗೆ ಸೇರಿಸುವ ಮುನ್ನ ನನ್ನಂಥವರ ಮಾತನ್ನೂ ಕೇಳಿ. ನನ್ನ ಮನೆ ಒಂದು ಸಂರಕ್ಷಿತ ಸ್ಮಾರಕದ ಹತ್ತಿರವಿದೆ. 2010ರಲ್ಲಿ ತಿದ್ದುಪಡಿಯಾದ ಕೇಂದ್ರ ಕಾಯ್ದೆಯಂತೆ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್‌ಗಳಲ್ಲಿ ಅನುಮತಿ ಪಡೆದು ಕಟ್ಟಬೇಕು. ಅಜ್ಜನ ಕಾಲದ ಮಣ್ಣಿನ ಗೋಡೆ ಮಳೆಗೆ ಬಿದ್ದಾಗ ಅದನ್ನು ಎತ್ತಿಸಲು ಹೊರಟ ನಾನು ಒಂದೂವರೆ ವರ್ಷ ಕಚೇರಿಗಳಿಗೆ ಅಲೆದೆ. ಸ್ಮಾರಕದ ಮೇಲೆ ನನಗೆ ದ್ವೇಷವಿಲ್ಲ. ಚಿಕ್ಕಂದಿನಲ್ಲಿ ಅದರ ಗೋಡೆಯ ನೆರಳಲ್ಲೇ ಗೋಲಿ ಆಡಿದವನು. ಆದರೆ ಊರ ನಡುವಿನ ಗುಡಿಯೊಂದನ್ನು ಪಟ್ಟಿಗೆ ಸೇರಿಸಿದ ಮರುದಿನ ಸುತ್ತಲಿನ ನಲವತ್ತು ಮನೆಗಳಿಗೆ ಏನಾಗುತ್ತದೆ ಎಂಬುದನ್ನು ಅರ್ಜಿ ಬರೆಯುವವರು ಮೊದಲೇ ಆ ಮನೆಗಳವರಿಗೆ ತಿಳಿಸಬೇಕು. ತಿಳಿಸದೆ ಮಾಡಿದರೆ ಊರಿನವರೇ ಆ ಗುಡಿಯ ಶತ್ರುಗಳಾಗುತ್ತಾರೆ.

ಕೋಲಾರದ ನಿವೃತ್ತ ಮೇಷ್ಟ್ರು

ತಮ್ಮ ಮಾತು ನ್ಯಾಯವಾದದ್ದು. ಒಂದು ವಿಷಯ ಮಾತ್ರ ಸೇರಿಸುತ್ತೇನೆ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಗಳ ದುರಸ್ತಿಗೆ 100 ಮೀಟರ್ ಒಳಗೂ ಅವಕಾಶವಿದೆ. ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಮನೆ ಆಗಲೇ ಇತ್ತೆಂಬುದಕ್ಕೆ ಕಂದಾಯ ರಸೀದಿಯಂಥ ದಾಖಲೆ ತೋರಿಸಬೇಕು. ಅವಕಾಶ ಇದ್ದೂ ಅದು ಜನರಿಗೆ ತಿಳಿಯದಂತೆ ಇರುವುದು ಇನ್ನೊಂದು ದೋಷ. ಚಿಂತಾಮಣಿಯ ಮೇಷ್ಟ್ರ ಗುಡಿ ಊರ ಹೊರಗೆ ಕೆರೆ ಏರಿಯ ಕೆಳಗಿರುವುದರಿಂದ ಈ ತೊಡಕು ಅಲ್ಲಿ ಅಷ್ಟಾಗಿ ಬರಲಾರದು. ಆದರೂ ಅಷ್ಟು ಚಿಕ್ಕ ಗುಡಿಯನ್ನು ಕೇಂದ್ರದ ಪಟ್ಟಿಗೆ ಸೇರಿಸಲು ಹೊರಡುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ ಪ್ರಯಾಸ.

ಜೀರ್ಣೋದ್ಧಾರ ಸಮಿತಿಯ ಖಜಾಂಚಿ, ಗೌರಿಬಿದನೂರು

ನೀವೆಲ್ಲರೂ ಓದಿದವರು, ನಾನು ರೇಷ್ಮೆ ಮತ್ತು ಜೋಳದ ಮೇಲೆ ಬದುಕುವವನು. ಆದರೂ ಒಂದು ಮಾತು ಹೇಳಬೇಕಾಗಿದೆ, ತಪ್ಪಿದ್ದರೆ ತಿದ್ದಿ.

ನಮ್ಮೂರಿನಲ್ಲಿಯೂ ಇಂಥದೇ ಗುಡಿಯಿತ್ತು. ಮೂವತ್ತು ವರ್ಷ ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ. ನಿಧಿಯ ಆಸೆಗೆ ಯಾರೋ ಅಮಾವಾಸ್ಯೆಯ ರಾತ್ರಿ ನಂದಿಯನ್ನು ಪಕ್ಕಕ್ಕೆ ಉರುಳಿಸಿ ಆಳುದ್ದ ಗುಂಡಿ ತೋಡಿ ಹೋದರು; ಆಗಲೂ ಯಾವ ಸಂಸ್ಥೆಯೂ ಬರಲಿಲ್ಲ. ನಾವು ಊರಿನವರು ಮನೆಗೆ ಇಷ್ಟೆಂದು ಹಾಕಿಕೊಂಡು, ಹೆಣ್ಣುಮಕ್ಕಳು ಸಂಘದ ಉಳಿತಾಯದಿಂದ ಕೊಟ್ಟು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರು ಕಳುಹಿಸಿ, ಹೊಸದಾಗಿ ಕಟ್ಟಿಸಿ ಕುಂಭಾಭಿಷೇಕ ಮಾಡಿದೆವು. ಗೋಪುರಕ್ಕೆ ಬಣ್ಣ ಬಿದ್ದ ಮೇಲೆ ಕಾರಿನಲ್ಲಿ ಬಂದವರೊಬ್ಬರು, ಹಾಳು ಮಾಡಿಬಿಟ್ಟಿರಿ ಎಂದು ನಮ್ಮನ್ನು ಬೈದರು. ಹಾಳಾಗುತ್ತಿದ್ದಾಗ ಅವರು ಎಲ್ಲಿದ್ದರು? ಪಾಳುಬಿದ್ದ ಗುಡಿ ಫೋಟೊಗೆ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ನಮಗೆ ಬೇಕಾಗಿದ್ದದ್ದು ಸೋಮವಾರ ಸಂಜೆ ಕುಳಿತುಕೊಳ್ಳಲು ಸೋರದ ಒಂದು ಜಾಗ. ಚಿಂತಾಮಣಿಯ ಮೇಷ್ಟ್ರು ಸಮಿತಿಯವರನ್ನು ವಿರೋಧಿಗಳೆಂದು ಭಾವಿಸಿ ಅವರ ಬೆನ್ನ ಹಿಂದೆ ಅರ್ಜಿ ಬರೆಯಲು ಹೊರಟರೆ, ಗುಡಿಯೂ ಉಳಿಯುವುದಿಲ್ಲ, ಅವರಿಗೆ ಊರಿನಲ್ಲಿ ಮಾತೂ ಉಳಿಯುವುದಿಲ್ಲ.

ಗಾರೆ ಕೆಲಸದ ಇಂಜಿನಿಯರ್, ತಿಪಟೂರು

ಖಜಾಂಚಿಯವರೇ, ನಿಮ್ಮ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಏಕೆಂದರೆ ಅದು ಸರಿಯಾದ ಪ್ರಶ್ನೆ. ಆದರೆ ಸೋರದ ಜಾಗಕ್ಕೆ ಗುಡಿಯನ್ನು ಬಿಚ್ಚಬೇಕಾಗಿಲ್ಲ ಎಂಬುದನ್ನು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ. ಸುಣ್ಣದ ಗಾರೆಯ ಕೆಲಸ ಮಾಡಿಸುತ್ತಾ ಹದಿನೆಂಟು ವರ್ಷ ಕಳೆದಿದ್ದೇನೆ. ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಕ್ಷಮಿಸಿ.

ನಮ್ಮ ಬಯಲುಸೀಮೆಯ ಕಲ್ಲಿನ ಗುಡಿಗಳ ಚಾವಣಿ ಎಂದರೆ ತೊಲೆಗಳ ಮೇಲೆ ಹೊದಿಸಿದ ಉದ್ದುದ್ದ ಚಪ್ಪಡಿಗಳು. ಚಪ್ಪಡಿಗಳ ಸಂದಿನಲ್ಲಿ ನೀರು ಇಳಿಯದಿರಲೆಂದು ಅವುಗಳ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಚ್ಚನ್ನು ಓಟವಿರುವಂತೆ ಹಾಕಿರುತ್ತಾರೆ. ಸೋರುವುದು ಕಲ್ಲಲ್ಲ, ಈ ಗಚ್ಚು. ಹಕ್ಕಿ ತಂದುಹಾಕಿದ ಅರಳಿ ಬೀಜ ಬಿರುಕಿನಲ್ಲಿ ಮೊಳೆತು, ಬೇರು ಇಳಿದು, ಗಚ್ಚು ಎದ್ದು, ನೀರಿಗೆ ದಾರಿಯಾಗುತ್ತದೆ. ಆ ಹಳೆಯ ಪದರವನ್ನು ಕಿತ್ತು ಹೊಸ ಗಚ್ಚು ಹಾಕಿ, ಓಟವನ್ನು ಸರಿಪಡಿಸಿ, ನೀರು ಹೊರಗೆ ಬೀಳುವ ದೋಣಿಗಳನ್ನು ತೆರೆದರೆ ನಾಲ್ಕು ಕಂಬಗಳ ನವರಂಗದ ಸೋರಿಕೆ ನಿಲ್ಲುತ್ತದೆ. ಇದಕ್ಕೆ ಆಗುವ ಖರ್ಚು ನಿಮ್ಮ ಹೊಸ ಗೋಪುರದ ಖರ್ಚಿನ ಮುಂದೆ ಏನೂ ಅಲ್ಲ.

ಜನರು ಮಾಡುವುದೇನೆಂದರೆ ಚಪ್ಪಡಿಗಳ ಮೇಲೆ ನೇರವಾಗಿ ಕಾಂಕ್ರೀಟ್ ಸುರಿಸುತ್ತಾರೆ. ಗಾರೆಯೇ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂತು, ತಮ್ಮ ಭಾರದಿಂದಲೇ ನಿಂತಿರುವ ಕಂಬ ತೊಲೆಗಳ ಮೇಲೆ ಟನ್‌ಗಟ್ಟಲೆ ಹೆಚ್ಚಿನ ಭಾರ ಬೀಳುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದಾಗ ಕಾಂಕ್ರೀಟೂ ಒಡೆಯುತ್ತದೆ, ಅದಕ್ಕೆ ಅಂಟಿದ ಹಳೆಯ ಕಲ್ಲೂ ಸೀಳುತ್ತದೆ. ಸುಣ್ಣದ ಗಾರೆ ಕಲ್ಲಿಗಿಂತ ಮೆದು. ಒತ್ತಡ ಬಂದಾಗ ತಾನು ಬಿರುಕು ಬಿಟ್ಟು ಕಲ್ಲನ್ನು ಉಳಿಸುತ್ತದೆ, ಒಳಗೆ ಸೇರಿದ ತೇವವನ್ನು ಹೊರಕ್ಕೆ ಬಿಡುತ್ತದೆ, ಬೇಕಾದಾಗ ಕೆರೆದು ತೆಗೆದು ಮತ್ತೆ ತುಂಬಬಹುದು. ಸಿಮೆಂಟನ್ನು ತೆಗೆಯಲು ಹೋದರೆ ಕಲ್ಲಿನ ಅಂಚೇ ಕಿತ್ತು ಬರುತ್ತದೆ.

ಹಿಂದೆ ಎತ್ತು ಕಟ್ಟಿ ಕಲ್ಲಿನ ಚಕ್ರದಲ್ಲಿ ಗಾರೆ ಅರೆಯುತ್ತಿದ್ದರು. ಸುಟ್ಟ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಮರಳು ಮತ್ತು ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲ ಹಾಗೂ ಅಳಲೆಕಾಯಿ ನೆನೆಸಿದ ನೀರನ್ನು ಹದ ನೋಡಿ ಹಾಕುತ್ತಿದ್ದರು. ಈಗ ಯಂತ್ರದ ಗಿರಣಿ ಬಂದಿದೆ. ಹದ ಮಾತ್ರ ಕೈಗೇ ಗೊತ್ತಾಗಬೇಕು. ಈ ಕೆಲಸ ಬಲ್ಲ ಮೇಸ್ತ್ರಿಗಳು ನಮ್ಮ ಮೂರು ಜಿಲ್ಲೆಗಳಲ್ಲಿ ಬೆರಳೆಣಿಕೆಯಷ್ಟಿದ್ದಾರೆ. ಗುಡಿಗಳನ್ನು ಉಳಿಸುವ ಸಂಸ್ಥೆಗಳ ಮಾತು ಎಲ್ಲರೂ ಆಡುತ್ತಾರೆ, ಈ ಮೇಸ್ತ್ರಿಗಳ ಮಕ್ಕಳು ಟೈಲ್ಸ್ ಕೆಲಸಕ್ಕೆ ಹೋಗುತ್ತಿರುವುದರ ಬಗ್ಗೆ ಆಡುವವರು ಕಡಿಮೆ.

ಇನ್ನೆರಡು ಎಚ್ಚರಿಕೆ. ಕಂಬಗಳಿಗೆ ಎನಾಮಲ್ ಬಣ್ಣ ಬಳಿಯಬೇಡಿ. ಈಗಾಗಲೇ ಬಳಿದಿದ್ದರೆ ಮರಳು ಚಿಮ್ಮಿಸುವ ಯಂತ್ರದಿಂದ ತೆಗೆಸಬೇಡಿ, ಬಣ್ಣದ ಜೊತೆಗೆ ಉಳಿಯ ಗುರುತುಗಳೂ ಅಕ್ಷರಗಳೂ ಹೋಗುತ್ತವೆ. ನಮ್ಮ ತಾಲ್ಲೂಕಿನ ಅರಳಗುಪ್ಪೆಗೆ ಒಮ್ಮೆ ಬನ್ನಿ. ಕಲ್ಲೇಶ್ವರನ ಗುಡಿಯ ಒಳಗೆ ಕತ್ತೆತ್ತಿ ನೋಡಿದರೆ ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಕಿನ ದೇವತೆಗಳು. ಸಾವಿರ ವರ್ಷಕ್ಕೂ ಹಿಂದಿನ ಆ ಚಾವಣಿಯ ಮೇಲೆ ಯಾರಾದರೂ ಒಮ್ಮೆ ಕಾಂಕ್ರೀಟ್ ಸುರಿದಿದ್ದರೆ ಇಂದು ನಮಗೆ ಅದು ಏನಾಗಿ ಸಿಗುತ್ತಿತ್ತೋ ಯೋಚಿಸಿ.

ಮುಳಬಾಗಿಲಿನ ಶಾಸನಾಸಕ್ತೆ

ಎಲ್ಲರೂ ಗುಡಿಯ ಬಗ್ಗೆಯೇ ಮಾತನಾಡುತ್ತಿದ್ದೀರಿ; ನನ್ನ ಮನಸ್ಸು ಆ ಬಟ್ಟೆ ಒಗೆಯುವ ಕಲ್ಲಿನ ಮೇಲಿದೆ.

ಮೇಷ್ಟ್ರೇ, ಯಾವ ಸಂಸ್ಥೆಗೆ ಹೋಗುವ ಮುನ್ನವೂ ನಿಮ್ಮ ಊರಿನ ಹೆಸರನ್ನು ನಮ್ಮ ನಾಡಿನ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಹುಡುಕಿ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಆ ಸಂಪುಟ ಅಂದಿನ ಕೋಲಾರ ಜಿಲ್ಲೆಯದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆದ್ದರಿಂದ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರುಗಳ ಶಾಸನಗಳೆಲ್ಲ ಅದರಲ್ಲೇ ಇವೆ. ತುಮಕೂರಿನವರು ಹನ್ನೆರಡನೆಯ ಸಂಪುಟ ನೋಡಬೇಕು. ತಾಲ್ಲೂಕಿನ ಹೆಸರಿನ ಕೆಳಗೆ ಕ್ರಮಸಂಖ್ಯೆಯಿದ್ದು, ಶಾಸನದ ಪಾಠ, ಇಂಗ್ಲಿಷ್ ಅನುವಾದ ಎರಡೂ ಸಿಗುತ್ತವೆ. ಊರಿನ ಹೆಸರುಗಳ ಕಾಗುಣಿತ ಹಳೆಯದು, ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎಂದು ಹುಡುಕಬೇಕು. ತಮಿಳು, ತೆಲುಗು ಶಾಸನಗಳೂ ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಓದಲು ಬಾರದ ಅಕ್ಷರ ಕಂಡ ಕೂಡಲೇ ಅದನ್ನು ನಿಧಿಯ ಗುಟ್ಟೆಂದು ಊರಿನಲ್ಲಿ ಹೇಳುವವರಿರುತ್ತಾರೆ, ಖಜಾಂಚಿಯವರ ಊರಿನ ನಂದಿ ಉರುಳಿದ್ದು ಇಂಥ ಮಾತಿನಿಂದಲೇ ಇರಬೇಕು. ಆ ಕಲ್ಲಿನಲ್ಲಿ ಏನು ಬರೆದಿದೆ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿಸಿ ಗುಡಿಯ ಗೋಡೆಗೆ ತೂಗುಹಾಕುವುದೇ ನಿಧಿಗಳ್ಳರಿಗೆ ಒಳ್ಳೆಯ ಉತ್ತರ ಎಂದು ನನಗೆ ಅನ್ನಿಸುತ್ತದೆ.

ಕಲ್ಲನ್ನು ತಂತಿಯ ಬ್ರಷ್‌ನಿಂದ ಉಜ್ಜಬೇಡಿ, ಅಕ್ಷರಗಳೊಳಗೆ ಬಣ್ಣ ತುಂಬಬೇಡಿ. ನೀರು ಮತ್ತು ತೆಂಗಿನ ನಾರು ಸಾಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಓರೆಯಾಗಿ ಹಿಡಿದು ಫೋಟೊ ತೆಗೆದರೆ ಹಗಲಿನಲ್ಲಿ ಕಾಣದ ಗೆರೆಗಳೂ ಏಳುತ್ತವೆ. ಪಡಿಯಚ್ಚು ತೆಗೆಯುವುದನ್ನು ಬಲ್ಲವರಿಗೇ ಬಿಡಿ. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಕೂರಿಸಿ ಮಸಿ ಒತ್ತುವ ಆ ಕೆಲಸ ನೋಡಲು ಸುಲಭ, ಮಾಡಲು ಅಲ್ಲ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಪ್ರದೇಶದ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ; ಸವೆದ ಅಕ್ಷರವೂ ಅದರಲ್ಲಿ ಎದ್ದು ಕಾಣುತ್ತದೆ. ಕಲ್ಲೇ ಕಳೆದುಹೋದರೂ ಓದು ಉಳಿಯುತ್ತದೆ ಎನ್ನುವುದು ಸಣ್ಣ ಸಂಗತಿಯಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಎದ್ದುಬಂದ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು, ಅದಕ್ಕೆ ಮಂಟಪ ಕಟ್ಟಿಸಿ ನಿಲ್ಲಿಸಿದ್ದರ ಹಿಂದೆ ಆಸಕ್ತ ನಾಗರಿಕರ ಶ್ರಮವೇ ದೊಡ್ಡದಾಗಿತ್ತು.

ಖಜಾಂಚಿಯವರಿಗೂ ಒಂದು ಮಾತು. ನಮ್ಮ ಆವಣಿಯಲ್ಲಿ ತ್ರಿಭುವನಕರ್ತ ಎಂಬ ಯತಿ ನಲವತ್ತು ವರ್ಷ ಆ ಸ್ಥಾನವನ್ನು ಆಳಿ, ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಕಟ್ಟಿಸುವ ಆಸೆ ನಮ್ಮ ನೆಲದಲ್ಲೇ ಇದೆ, ಅದನ್ನು ತಪ್ಪೆನ್ನುವುದಿಲ್ಲ. ಆದರೆ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಶ್ಲೋಕವೊಂದಿದೆ: ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋನುಪಾಲನಂ. ಕೊಡುವುದು, ಕಾಪಾಡುವುದು ಇವೆರಡರಲ್ಲಿ ಕಾಪಾಡುವುದೇ ಮೇಲು ಎಂದು ಅರ್ಥ. ಹೊಸ ಗುಡಿ ಕಟ್ಟಿಸಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೀರಿ. ಹಳೆಯ ಗುಡಿಯ ಗಚ್ಚು ಸರಿಪಡಿಸಿದವರ ಹೆಸರನ್ನೂ ಅಷ್ಟೇ ದೊಡ್ಡದಾಗಿ ಕೆತ್ತಿಸಿದರೆ ಚಂದಾ ಕಡಿಮೆಯಾಗುವುದಿಲ್ಲ.

ಗಣಿ ಕಾಲೊನಿಯವನು, ಕೆಜಿಎಫ್

ಗುಡಿಗೆ ಸಮಿತಿಯಾದರೂ ಇದೆ. ನಮ್ಮ ಕಡೆಯ ಪರಂಪರೆಗೆ ಅದೂ ಇಲ್ಲ. 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿದ ಗಣಿ, ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ ತಂದುಕೊಂಡ ಗಣಿ, ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರಗಳು, ಕಾರ್ಮಿಕರ ಸಾಲುಮನೆಗಳು ಪರಂಪರೆ ಎಂದರೆ ಅನೇಕರು ನಗುತ್ತಾರೆ. ನನ್ನ ತಾತ ಇಳಿದು ಹತ್ತಿದ ಜಾಗ ಅದು. ಪಟ್ಟಿಯಲ್ಲಿಲ್ಲದ ಕಟ್ಟಡಗಳ ಬಗ್ಗೆ ಇಂಟ್ಯಾಕ್ ಸನ್ನದು ಇದೆಯೆಂದು ಮೇಷ್ಟ್ರು ಬರೆದದ್ದು ನನಗೆ ಹೊಸ ವಿಷಯ. ಗುಡಿಯಲ್ಲದ ಕಟ್ಟಡಕ್ಕೂ ಅದು ಅನ್ವಯಿಸುತ್ತದೆಯೇ?

ಕೋಲಾರದ ನಿವೃತ್ತ ಮೇಷ್ಟ್ರು

ಅನ್ವಯಿಸುತ್ತದೆ. ಮನೆ, ಬಾವಿ, ಕಾರ್ಖಾನೆ, ಇಡೀ ಬೀದಿ ಎಲ್ಲವೂ ಆ ಸನ್ನದಿನ ವ್ಯಾಪ್ತಿಗೆ ಬರುತ್ತವೆ. ಜನ ಬಳಸುತ್ತಿರುವ ಕಟ್ಟಡವನ್ನು ಬಳಸುತ್ತಲೇ ಉಳಿಸಬೇಕು, ಅದನ್ನು ಕಟ್ಟಿದ ಕುಶಲಕರ್ಮಿಗಳ ವಿದ್ಯೆಯೂ ಪರಂಪರೆಯ ಭಾಗವೇ ಎಂಬುದು ಅದರ ತಿರುಳು. ತಿಪಟೂರಿನ ಇಂಜಿನಿಯರ್ ಮೇಸ್ತ್ರಿಗಳ ಬಗ್ಗೆ ಬರೆದದ್ದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಸಾಲುಮನೆಗಳ ಅಳತೆ, ಫೋಟೊ, ಅಲ್ಲಿದ್ದವರ ನೆನಪುಗಳನ್ನು ಈಗಲೇ ಬರೆದಿಡಿ.

ಚಿಂತಾಮಣಿ ಸೀಮೆಯ ಶಿಕ್ಷಕ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಮೊದಲಿಗೆ ಒಂದು ತಪ್ಪೊಪ್ಪಿಗೆ. ಜಿಲ್ಲಾಧಿಕಾರಿಗಳಿಗೆ ಒಂದು ದೂರು ಬರೆದು ಇಟ್ಟುಕೊಂಡಿದ್ದೆ. ಖಜಾಂಚಿಯವರ ಮಾತು ಓದಿದ ಮೇಲೆ ಅದನ್ನು ಕಳುಹಿಸಲಿಲ್ಲ. ಬದಲಿಗೆ ಸಮಿತಿಯ ಸಭೆಗೆ ಹೋದೆ.

ಹತ್ತನೆಯ ಸಂಪುಟದಲ್ಲಿ ನಮ್ಮೂರು ಸಿಕ್ಕಿತು. ಹೆಸರಿನ ಕೊನೆಯ ಎರಡು ಅಕ್ಷರ ಬೇರೆಯಾಗಿದ್ದರಿಂದ ಮೊದಲ ಸಲ ಕಣ್ತಪ್ಪಿತ್ತು. ಬಟ್ಟೆ ಒಗೆಯುವ ಕಲ್ಲು ಅದೇ ಎಂಬುದು ಟಾರ್ಚಿನ ಬೆಳಕಿನಲ್ಲಿ ಸಾಲು ಹೋಲಿಸಿ ನೋಡಿದಾಗ ಖಚಿತವಾಯಿತು. ಒಡೆದ ಕೆರೆಯನ್ನು ಕಟ್ಟಿಸಿಕೊಟ್ಟವನಿಗೆ ಕೆರೆಯ ಕೆಳಗಿನ ಗದ್ದೆಯನ್ನು ಕಟ್ಟುಗೊಡಗೆಯಾಗಿ ಬಿಟ್ಟ ಶಾಸನ ಅದು. ಅದರ ಪಾಠವನ್ನು ಸಭೆಯಲ್ಲಿ ಓದಿ, ಗದ್ದೆಯ ಎಲ್ಲೆಗಳನ್ನು ಹೇಳುವ ಸಾಲಿಗೆ ಬಂದಾಗ ಹಿರಿಯರೊಬ್ಬರು ಎದ್ದು, ಆ ಮೂಡಲ ದಿಕ್ಕಿನ ಬಂಡೆ ತಮ್ಮ ಹೊಲದ್ದೇ ಎಂದರು. ಅಲ್ಲಿಯವರೆಗೆ ನನ್ನ ಮಾತನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ.

ಗುಡಿ ಮುಜರಾಯಿಯ ಸಿ ವರ್ಗದಲ್ಲಿದೆ ಎಂಬುದು ತಾಲ್ಲೂಕು ಕಚೇರಿಯಲ್ಲಿ ತಿಳಿಯಿತು. ಊರಿನಲ್ಲಿ ಅರ್ಚಕರ ಹೊರತು ಯಾರಿಗೂ ಅದು ಗೊತ್ತಿರಲಿಲ್ಲ. ಹಾಗಾಗಿ ಅನುಮತಿಯಿಲ್ಲದೆ ಬಿಚ್ಚುವಂತಿಲ್ಲ ಎಂಬುದೂ ಸಮಿತಿಯವರಿಗೆ ಮನದಟ್ಟಾಯಿತು. ಈಗ ಆಗಿರುವ ಒಪ್ಪಂದ ಇಷ್ಟು: ಮಳೆಗಾಲಕ್ಕೆ ಮುಂಚೆ ಚಾವಣಿಯ ಗಚ್ಚು ಸರಿಪಡಿಸುವುದು, ಗ್ರಾನೈಟ್ ನೆಲದ ಮಾತನ್ನು ಮುಂದಕ್ಕೆ ಹಾಕುವುದು, ಧರ್ಮೋತ್ಥಾನ ಟ್ರಸ್ಟ್‌ಗೆ ಗುಡಿಯ ಫೋಟೊ, ಪಹಣಿ ಮತ್ತು ಸಮಿತಿಯ ನಿರ್ಣಯದೊಂದಿಗೆ ಪತ್ರ ಬರೆಯುವುದು. ಗೋಪುರವನ್ನು ಮಾತ್ರ ಅವರು ಬಿಟ್ಟುಕೊಟ್ಟಿಲ್ಲ. ಗುಡಿಯ ಮೇಲಲ್ಲ, ಮುಂದಿನ ದಾರಿಗೆ ಬಣ್ಣದ ಕಮಾನು ಕಟ್ಟಿಸುತ್ತಾರಂತೆ. ಅದರ ಬಗ್ಗೆ ನಾನು ಬಾಯಿ ಬಿಡಲಿಲ್ಲ.

ಜೀರ್ಣೋದ್ಧಾರ ಸಮಿತಿಯ ಖಜಾಂಚಿ, ಗೌರಿಬಿದನೂರು

ಕಮಾನಿನ ವಿಷಯದಲ್ಲಿ ಸುಮ್ಮನಿದ್ದದ್ದು ಬುದ್ಧಿವಂತಿಕೆ. ನಮ್ಮ ಗುಡಿಯಿಂದ ತೆಗೆದ ಹಳೆಯ ಕಂಬಗಳು ಇನ್ನೂ ಕಣದ ಪಕ್ಕದಲ್ಲಿ ಬಿದ್ದಿವೆ, ಒಂದರ ಬುಡದಲ್ಲಿ ಅಕ್ಷರಗಳಿವೆ. ಟಾರ್ಚು ಹಿಡಿದು ಫೋಟೊ ತೆಗೆದು ಇಲ್ಲಿ ಹಾಕಿದರೆ ಮುಳಬಾಗಿಲಿನ ಅಮ್ಮನವರು ಓದಿ ಹೇಳುತ್ತಾರೆಯೇ?

ಮುಳಬಾಗಿಲಿನ ಶಾಸನಾಸಕ್ತೆ

ಖಂಡಿತ ಪ್ರಯತ್ನಿಸುತ್ತೇನೆ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಬೆಳಕು ಬಿಟ್ಟು ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆಯ ಪಟ್ಟಿ ಇಡಿ. ಕಂಬಗಳನ್ನು ಮಾರಬೇಡಿ, ಕಣದಿಂದ ಗುಡಿಯ ಅಂಗಳಕ್ಕೆ ಸಾಗಿಸಿ.

ಗಾರೆ ಕೆಲಸದ ಇಂಜಿನಿಯರ್, ತಿಪಟೂರು

ಚಿಂತಾಮಣಿಯ ಮೇಷ್ಟ್ರೇ, ಮುಂದಿನ ಭಾನುವಾರ ನಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಬರುತ್ತೇನೆ. ಸುಣ್ಣ ಕೊಳೆಹಾಕಲು ಒಂದು ತೊಟ್ಟಿ ಬೇಕು, ನೆರಳಿರುವ ಜಾಗದಲ್ಲಿ ತೋಡಿಸಿಡಿ. ಅಲ್ಲಿಯವರೆಗೆ ಚಾವಣಿಯ ಮೇಲಿನ ಅರಳಿ ಸಸಿಗಳನ್ನು ಯಾರೂ ಕೀಳದಂತೆ ನೋಡಿಕೊಳ್ಳಿ. ಎಳೆದರೆ ಬೇರಿನ ಜೊತೆಗೆ ಚಪ್ಪಡಿಯೂ ಅಲುಗುತ್ತದೆ. ಶಾಸನದ ಕಲ್ಲನ್ನು ತೂಬಿನ ಬಳಿಯಿಂದ ಎತ್ತಿ ಗುಡಿಯ ಅಂಗಳಕ್ಕೆ ತರುವುದಾದರೆ ಆ ದಿನವೇ ತರೋಣ.

ಚಿಂತಾಮಣಿ ಸೀಮೆಯ ಶಿಕ್ಷಕ

ತೊಟ್ಟಿ ಸಿದ್ಧವಾಗಿದೆ, ಸಸಿಗಳಿಗೆ ಯಾರೂ ಕೈ ಹಚ್ಚಿಲ್ಲ. ಕಲ್ಲು ಎತ್ತುವ ಮಾತು ತೆಗೆದಾಗ ತೂಬಿನ ಬಳಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು, ಅದರಷ್ಟೇ ಅಗಲದ ಬೇರೊಂದು ಚಪ್ಪಡಿಯನ್ನು ಮೊದಲು ತಂದು ಹಾಕಿ, ಆಮೇಲೆ ನಿಮ್ಮ ಶಾಸನವನ್ನು ತೆಗೆದುಕೊಂಡು ಹೋಗಿ ಎಂದರು. ಕ್ವಾರಿಯವರಿಗೆ ಹೇಳಿದ್ದೇನೆ, ಶನಿವಾರ ಸಂಜೆ ಟ್ರ್ಯಾಕ್ಟರ್‌ನಲ್ಲಿ ಬರುತ್ತದೆ.